ಮನೆಗೆ ಮರ: ಬೆಂಗಳೂರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಸೈಟಿನಲ್ಲಿ ಹೊಸ ಮನೆ ಕಟ್ಟಿಸುವವರು, ಬಸವನಗುಡಿ, ಮಲ್ಲೇಶ್ವರದ ಕಡೆ ಅಜ್ಜನ ಕಾಲದ ಮನೆ ರಿಪೇರಿಗೆ ಕೈ ಹಾಕಿದವರು, ಟೆರೇಸ್ ಮೇಲೆ ಇನ್ನೊಂದು ರೂಮು ಬೇಕು ಅನ್ನುವವರು, ಮರದ ಮಾತು ಬಂದರೆ ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆ. ಉತ್ತರಗಳನ್ನು ಬೆಂಗಳೂರಿನ ಹವೆ ಮತ್ತು ಇಲ್ಲಿ ಕೆಲಸ ನಡೆಯುವ ರೀತಿ ನೋಡಿ ಬರೆದಿದ್ದೇವೆ. ಕರಾವಳಿಗೋ ಮಲೆನಾಡಿಗೋ ಇದು ಹಾಗೇ ಹೊಂದುವುದಿಲ್ಲ.

ಕಾಂಕ್ರೀಟ್, ಸ್ಟೀಲ್ ಎಲ್ಲ ಇರುವಾಗ ಮರ ಯಾಕೆ ಬೇಕು?

ಇಡೀ ಮನೆಯನ್ನು ಮರದಲ್ಲೇ ಕಟ್ಟಿ ಅಂತ ಹೇಳುತ್ತಿಲ್ಲ. ಆದರೆ ಮುಂಬಾಗಿಲು ಬಿಟ್ಟು ಬೇರೆಲ್ಲೂ ಮರ ಬೇಡ ಎಂದು ತೀರ್ಮಾನಿಸುವ ಮೊದಲು ಕೆಲವು ವಿಷಯ ನೋಡಿ.

ಮೊದಲು ತೂಕ. ಒಂದು ಘನ ಮೀಟರ್ ಕಾಂಕ್ರೀಟ್ ಸುಮಾರು 2,400 ಕೆ.ಜಿ. ತೂಗುತ್ತದೆ. ಅಷ್ಟೇ ತೇಗ 650 ಕೆ.ಜಿ. ಆಸುಪಾಸು. ಹಗುರ ಅಂತ ಬಲ ಕಡಿಮೆ ಎಂದುಕೊಳ್ಳಬೇಡಿ. ತೂಕಕ್ಕೆ ಎಷ್ಟು ಬಲ ಎಂದು ಲೆಕ್ಕ ಹಾಕಿದರೆ ಒಳ್ಳೆಯ ಮರವೇ ಮುಂದೆ. ಪಾಯಕ್ಕೂ ಗೋಡೆಗೂ ಹೊರೆ ಇಳಿಯುತ್ತದೆ. ಭೂಕಂಪದ ದೃಷ್ಟಿಯಿಂದಲೂ ಹಗುರ ಮನೆ ಒಳ್ಳೆಯದು, ಬೆಂಗಳೂರಿನಲ್ಲಿ ಆ ಚಿಂತೆ ಕಡಿಮೆ ಬಿಡಿ.

ಆಮೇಲೆ ನೀರು. ಇದು ನಮ್ಮೂರಿಗೆ ಸಣ್ಣ ಮಾತಲ್ಲ. ಕಾಂಕ್ರೀಟ್ ಹಾಕಿದ ಮೇಲೆ ದಿನಗಟ್ಟಲೆ ಕ್ಯೂರಿಂಗ್‌ಗೆ ನೀರು ಹೊಡೆಯಬೇಕು. ಪ್ಲಾಸ್ಟರಿಂಗ್‌ಗೂ ಅಷ್ಟೇ. 2024ರ ಬೇಸಿಗೆಯಲ್ಲಿ ಏನಾಯಿತು ಅಂತ ನೆನಪಿದೆ ತಾನೆ? ಮಾರ್ಚ್ ತಿಂಗಳಲ್ಲಿ ಜಲಮಂಡಳಿಯವರು ಕಟ್ಟಡದ ಕೆಲಸಕ್ಕೆ ಕುಡಿಯುವ ನೀರು ಬಳಸಬಾರದು, ಬಳಸಿದರೆ 5,000 ರೂಪಾಯಿ ದಂಡ ಎಂದು ಆದೇಶ ಹೊರಡಿಸಿದರು. ಮರದ ಕೆಲಸಕ್ಕೆ ಒಂದು ಕೊಡ ನೀರೂ ಬೇಡ. ಕೂರಿಸಿದ ದಿನವೇ ಅದು ಭಾರ ಹೊರಲು ತಯಾರು.

ಇನ್ನೊಂದು, ತಿದ್ದುವ ಸಲೀಸು. ಮರವನ್ನು ಬಿಚ್ಚಬಹುದು, ಕೊಯ್ಯಬಹುದು, ಕೆಟ್ಟಷ್ಟು ಭಾಗ ಮಾತ್ರ ಬದಲಿಸಬಹುದು. ಮನೆ ಕೆಡವಿದಾಗ ಮಾರಲೂಬಹುದು. ಕೆಡವಿದ ಕಾಂಕ್ರೀಟನ್ನು ಸಾಗಿಸಲು ನೀವೇ ಲಾರಿಯವರಿಗೆ ದುಡ್ಡು ಕೊಡಬೇಕು.

ಮರ ಎಷ್ಟು ವರ್ಷ ಬಾಳುತ್ತದೆ?

ಕೆ.ಆರ್. ಮಾರುಕಟ್ಟೆ ಹತ್ತಿರದ ಟಿಪ್ಪು ಬೇಸಿಗೆ ಅರಮನೆಗೆ ಒಮ್ಮೆ ಹೋಗಿ ಬನ್ನಿ. ಹೈದರಾಲಿ 1781ರಲ್ಲಿ ಶುರು ಮಾಡಿದ್ದು, ಟಿಪ್ಪು 1791ರಲ್ಲಿ ಮುಗಿಸಿದ್ದು. ಕಂಬ, ಕಮಾನು, ಮೊಗಸಾಲೆ ಬಹುಪಾಲು ತೇಗ. 230 ವರ್ಷ ದಾಟಿದೆ. ಅಲ್ಲಿ ಎಲ್ಲರೂ ಮೇಲಿನ ಬಣ್ಣ, ಕೆತ್ತನೆ ನೋಡುತ್ತಾರೆ. ಮನೆ ಕಟ್ಟಿಸುವವರು ಕಂಬದ ಬುಡ ನೋಡಬೇಕು. ಮರ ನೆಲಕ್ಕೆ ತಾಗಿಲ್ಲ, ಕಲ್ಲಿನ ಪೀಠದ ಮೇಲೆ ನಿಂತಿದೆ. ನೆಲದ ತೇವ ಮೇಲೆ ಏರಲು ದಾರಿಯೇ ಇಲ್ಲ.

ಅರಮನೆಯ ಮಾತು ಬೇಡ ಅಂದರೆ ಚಾಮರಾಜಪೇಟೆ, ಬಸವನಗುಡಿಯ ನೂರು ವರ್ಷದ ಮನೆಗಳ ಮದ್ರಾಸ್ ತಾರಸಿ ನೋಡಿ. ಹತ್ತಿರ ಹತ್ತಿರ ಮರದ ಜಂತೆ, ಅದರ ಮೇಲೆ ಚಿಕ್ಕ ಇಟ್ಟಿಗೆಗಳನ್ನು ಓರೆಯಾಗಿ ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಕೂರಿಸಿದ್ದು, ಅದರ ಮೇಲೆ ಇಟ್ಟಿಗೆ ಜಲ್ಲಿ ಮತ್ತು ಸುಣ್ಣ. ಇಂಥ ತಾರಸಿ ಕೆಡುವುದು ಸಾಮಾನ್ಯವಾಗಿ ಒಂದೇ ಜಾಗದಲ್ಲಿ: ಜಂತೆಯ ತುದಿ ಗೋಡೆಯೊಳಗೆ ಹೋಗುವ ಕಡೆ. ಮೇಲಿಂದ ಸೋರಿದ ನೀರು ಗೋಡೆಯಲ್ಲಿ ಇಳಿದು ಆ ತುದಿಯಲ್ಲಿ ನಿಲ್ಲುತ್ತದೆ. ಸ್ಕ್ರೂಡ್ರೈವರ್‌ನಿಂದ ಅಲ್ಲಿ ಒತ್ತಿ ನೋಡಿ. ಗಟ್ಟಿಯಾಗಿದ್ದರೆ ಚಾವಣಿಗೆ ಕೈ ಹಚ್ಚಬೇಡಿ, ಸೋರಿಕೆ ನಿಲ್ಲಿಸಿ ಸಾಕು. ಮೆತ್ತಗಾಗಿದ್ದರೆ ಇಡೀ ಜಂತೆ ತೆಗೆಯಬೇಕಿಲ್ಲ, ಕೆಟ್ಟ ತುದಿ ಕತ್ತರಿಸಿ ಹೊಸ ತುಂಡು ಜೋಡಿಸಬಲ್ಲ ಆಚಾರಿಗಳು ಇನ್ನೂ ಇದ್ದಾರೆ. "ಹಳೇದು ಸರ್, ಎಲ್ಲ ಒಡೆದು ಆರ್‌ಸಿಸಿ ಹಾಕಿಬಿಡಿ" ಎಂದು ಕಂಟ್ರಾಕ್ಟರ್ ಹೇಳಿದ ತಕ್ಷಣ ಒಪ್ಪಬೇಡಿ. ಅವರಿಗೆ ಅದೇ ಸುಲಭ, ಅಷ್ಟೆ.

ಮಳೆಗಾಲ ಬಂದರೆ ಬಾಗಿಲು ಮುಚ್ಚೋಕೇ ಆಗಲ್ಲ. ತೇಗಕ್ಕೆ ಅಷ್ಟು ದುಡ್ಡು ಸುರಿದರೂ ಯಾಕೆ ಹೀಗೆ?

ನಮಗೆ ಬರುವ ದೂರುಗಳಲ್ಲಿ ಇದೇ ಜಾಸ್ತಿ. ಬೈಯಿಸಿಕೊಳ್ಳುವುದು ಮರ. ತಪ್ಪು ಒಣಗಿಸದವರದು.

ಹಸಿ ಮರದೊಳಗೆ ಎರಡು ಥರದ ನೀರಿರುತ್ತದೆ. ಒಂದು ಒಳಗಿನ ಸಣ್ಣ ಕೊಳವೆಗಳಲ್ಲಿ ತುಂಬಿಕೊಂಡದ್ದು. ಅದು ಹೋದರೆ ಮರ ಹಗುರವಾಗುತ್ತದೆ, ಅಳತೆ ಬದಲಾಗುವುದಿಲ್ಲ. ಇನ್ನೊಂದು ನಾರಿನ ಗೋಡೆಯಲ್ಲೇ ಹೀರಿಕೊಂಡದ್ದು. ತೇವ ಶೇಕಡಾ 30ಕ್ಕಿಂತ ಕೆಳಗೆ ಇಳಿದಾಗ ಈ ಎರಡನೆಯ ನೀರು ಹೋಗತೊಡಗುತ್ತದೆ. ಮರ ಕುಗ್ಗುವುದು, ತಿರುಚುವುದು, ಬಿರಿಯುವುದು ಶುರುವಾಗುವುದು ಆಗಲೇ. ಬೆಂಗಳೂರಿನ ಹವೆಯಲ್ಲಿ ಮರ ಕೊನೆಗೆ ಬಂದು ನಿಲ್ಲುವುದು ಹೆಚ್ಚುಕಡಿಮೆ ಶೇಕಡಾ 10ರಿಂದ 12ರ ತೇವಕ್ಕೆ. ಬೇಸಿಗೆಯಲ್ಲಿ ಸ್ವಲ್ಪ ಇಳಿಯುತ್ತದೆ, ಮಳೆಗಾಲದಲ್ಲಿ ಸ್ವಲ್ಪ ಏರುತ್ತದೆ.

ಕುಗ್ಗುವುದೂ ಎಲ್ಲ ದಿಕ್ಕಿಗೆ ಒಂದೇ ಸಮ ಅಲ್ಲ. ಉದ್ದಕ್ಕೆ ಲೆಕ್ಕಕ್ಕಿಲ್ಲದಷ್ಟು ಕಡಿಮೆ, ಅಗಲಕ್ಕೆ ಜಾಸ್ತಿ. 10 ಇಂಚು ಅಗಲದ ಹಸಿ ತೇಗದ ಹಲಗೆ ಇಲ್ಲಿನ ಹವೆಗೆ ಒಣಗಿ ನಿಲ್ಲುವಷ್ಟರಲ್ಲಿ 7-8 ಮಿಲಿಮೀಟರ್ ಕುಗ್ಗಬಹುದು. ತೇಗ ಕಡಿಮೆ ಕುಗ್ಗುವ ಜಾತಿ. ಬೇರೆ ಮರಗಳ ಪಾಡು ನೀವೇ ಊಹಿಸಿ. ಹಳೆ ಮನೆಗಳ ಕದದಲ್ಲಿ ಸುತ್ತ ಚೌಕಟ್ಟು ಮಾಡಿ ನಡುವೆ ಸಣ್ಣ ಹಲಗೆಗಳನ್ನು ಚೌಕಟ್ಟಿನ ತೋಡಿನೊಳಗೆ ಸುಮ್ಮನೆ ಕೂರಿಸಿರುತ್ತಾರಲ್ಲ, ಅದು ಬರೀ ಚೆಂದಕ್ಕಲ್ಲ. ಹಲಗೆ ಹಿಗ್ಗಿ ಕುಗ್ಗಿದರೂ ಕದದ ಹೊರ ಅಳತೆ ಅಲ್ಲಾಡಬಾರದು ಅಂತ. ಆ ಹಲಗೆಗೆ ಅಂಟು ಹಾಕಿ ಬಿಗಿದರೆ ಅದು ಸೀಳುವುದು ಖಂಡಿತ.

ಈಗ ಬೆಂಗಳೂರಿನಲ್ಲಿ ಏನಾಗುತ್ತದೆ ನೋಡಿ. ಗೋಡೆ ಏಳುವ ಮೊದಲೇ ವಾಸ್ಕಲ್ ಪೂಜೆಗೆ ಮುಹೂರ್ತ ಇಟ್ಟಿರುತ್ತಾರೆ. ಹಿಂದಿನ ವಾರ ಸಾಮಿಲ್‌ಗೆ ಹೋಗಿ ಕೊಯ್ಸಿಕೊಂಡು ಬಂದ ಮರದಲ್ಲಿ ಬಾಗಿಲವಾಡ ತಯಾರಾಗುತ್ತದೆ. ಅರಿಸಿನ, ಕುಂಕುಮ, ಹೂವು ಎಲ್ಲ ಆಗಿ ಅದನ್ನು ನಿಲ್ಲಿಸುತ್ತಾರೆ. ಅಲ್ಲಿಂದ ಮುಂದಿನ ಆರೆಂಟು ತಿಂಗಳು ಅದರ ಮೇಲೆ ಕ್ಯೂರಿಂಗ್ ನೀರು, ಸಿಮೆಂಟ್ ಗಾರೆ, ಮಳೆ, ಬಿಸಿಲು. ಗೃಹಪ್ರವೇಶದ ಹೊತ್ತಿಗೆ ಪಾಲಿಶ್ ಹೊಡೆದು ಹೊಳೆಯುವಂತೆ ಮಾಡುತ್ತಾರೆ. ಮುಂದಿನ ಏಪ್ರಿಲ್‌ನಲ್ಲಿ ಬಿರುಕು ಕಾಣಿಸುತ್ತದೆ.

ಪೂಜೆ ಬಿಡಿ ಅಂತ ಯಾರೂ ಹೇಳುತ್ತಿಲ್ಲ. ಪೂಜೆಯ ದಿನ ಚೌಕಟ್ಟು ನಿಲ್ಲಿಸಿ, ಆದರೆ ಅದಕ್ಕೂ ಮೊದಲು ನಾಲ್ಕೂ ಮೈಗೆ ಒಂದು ಕೋಟ್ ಪ್ರೈಮರ್ ಅಥವಾ ಎಣ್ಣೆ ಕೊಡಿಸಿ, ಪೂಜೆ ಆದ ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿಸಿ. ಉಳಿದ ಬಾಗಿಲುಗಳಿಗೆ ಗೋಡೆಯಲ್ಲಿ ಜಾಗ ಬಿಟ್ಟುಕೊಂಡು, ಪ್ಲಾಸ್ಟರಿಂಗ್, ನೆಲದ ಕೆಲಸ ಎಲ್ಲ ಒಣಗಿದ ಮೇಲೆ ಚೌಕಟ್ಟು ಕೂರಿಸಬಹುದು. ಕದಗಳನ್ನಂತೂ ಕೊನೆಯಲ್ಲೇ ಮಾಡಿಸಿ. ಮರವನ್ನು ಜನವರಿಯಿಂದ ಏಪ್ರಿಲ್ ಒಳಗೆ ತಂದು, ನೆರಳಿನಲ್ಲಿ ನೆಲದಿಂದ ಎತ್ತರಿಸಿ, ಹಲಗೆ ಹಲಗೆಯ ನಡುವೆ ರೀಪರ್ ತುಂಡು ಇಟ್ಟು ಗಾಳಿಯಾಡುವಂತೆ ಜೋಡಿಸಿ. ಕಿಲ್ನ್‌ನಲ್ಲಿ, ಅಂದರೆ ಬಿಸಿಗಾಳಿಯ ಗೂಡಿನಲ್ಲಿ, ಒಣಗಿಸಿದ ಮರ ಸಿಕ್ಕರೆ ಇನ್ನೂ ಒಳ್ಳೆಯದು. ತೇವ ಅಳೆಯುವ ಮಾಯಿಶ್ಚರ್ ಮೀಟರ್ ಆನ್‌ಲೈನ್‌ನಲ್ಲಿ ಸಿಗುತ್ತದೆ, ಬಾಗಿಲಿನ ಬೆಲೆ ಮುಂದೆ ಅದರ ಬೆಲೆ ಏನೂ ಅಲ್ಲ. ಅಂಗಡಿಗೆ ಹೋಗುವಾಗ ಜೇಬಿನಲ್ಲಿಟ್ಟುಕೊಂಡು ಹೋಗಿ. ಅದನ್ನು ಹೊರಗೆ ತೆಗೆದ ಕೂಡಲೇ ಮಾತಿನ ವರಸೆ ಬದಲಾಗುತ್ತದೆ.

ಇನ್ನೂ ಒಂದು. ಕದದ ಮುಂದೆ, ಹಿಂದೆ ಪಾಲಿಶ್ ಮಾಡಿ, ತಲೆಯ ಮೇಲಿನ ಅಂಚು ಮತ್ತು ಕೆಳಗಿನ ಅಂಚನ್ನು ಹಾಗೇ ಬಿಡುವುದು ಎಲ್ಲ ಕಡೆ ಇರುವ ಅಭ್ಯಾಸ. ಮರ ಅತಿ ಬೇಗ ನೀರು ಹೀರುವುದು ಕೊಯ್ದ ತುದಿಯಿಂದಲೇ. ಕದ ತೂಗುಹಾಕುವ ಮೊದಲು ಆ ಎರಡು ಅಂಚಿಗೂ ಬಣ್ಣವನ್ನೋ ಪಾಲಿಶನ್ನೋ ಬಳಿಸಿ.

ಗೆದ್ದಲು ಹಿಡಿಯುವುದಿಲ್ಲವೇ?

ಹಿಡಿಯುತ್ತದೆ, ದಾರಿ ಕೊಟ್ಟರೆ. ಇಲ್ಲಿ ಮನೆಗಳಿಗೆ ಕಾಟ ಕೊಡುವ ಗೆದ್ದಲು ಮಣ್ಣಿನಿಂದ ಬರುವಂಥದ್ದು. ಗೋಡೆಯ ಮೇಲೆ ಮಣ್ಣಿನ ಸುರಂಗ ಕಟ್ಟಿಕೊಂಡು, ಅದರ ತೇವದೊಳಗೇ ಓಡಾಡುತ್ತದೆ. ಹಾಗಾಗಿ ಹೋರಾಟ ನಡೆಯಬೇಕಾದದ್ದು ಪಾಯದಲ್ಲಿ. ಕಟ್ಟುವಾಗಲೇ ಪಾಯಕ್ಕೆ, ನೆಲದ ಕೆಳಗಿನ ಮಣ್ಣಿಗೆ ಭಾರತೀಯ ಮಾನಕ ಐಎಸ್ 6313ರ ಪ್ರಕಾರ ಗೆದ್ದಲು ನಿರೋಧಕ ಔಷಧಿ ಹೊಡೆಸಿ. ಆಮೇಲೆ ಮನೆ ನೆಲಕ್ಕೆ ಡ್ರಿಲ್ ಹಾಕಿ ಮಾಡಿಸುವುದಕ್ಕಿಂತ ಇದು ಅಗ್ಗ, ಪರಿಣಾಮವೂ ಜಾಸ್ತಿ.

ಮರ ಆರಿಸುವಾಗ ಚೇಗು ನೋಡಿ. ಕಾಂಡದ ನಡುವಿನ ಗಾಢ ಬಣ್ಣದ ಗಟ್ಟಿ ಭಾಗವೇ ಚೇಗು. ತೇಗದ ಚೇಗಿನಲ್ಲಿ ಗೆದ್ದಲಿಗೆ ಆಗದ ಎಣ್ಣೆಯಂಥ ಪದಾರ್ಥಗಳಿವೆ. ತೊಗಟೆ ಪಕ್ಕದ ಬಿಳಿ ಭಾಗದಲ್ಲಿ ಅದಿಲ್ಲ, ಬದಲಿಗೆ ಹುಳುಗಳಿಗೆ ಬೇಕಾದ ಪಿಷ್ಟ ಇದೆ. ಅಂದರೆ ತೇಗದ ಬಿಲ್ ಇದ್ದರೂ ಬಿಳಿ ಪಟ್ಟಿ ಇರುವ ತುಂಡನ್ನು ಗೆದ್ದಲು ತಿನ್ನುತ್ತದೆ. ಎಳೆಯ ತೋಟದ ತೇಗದಲ್ಲಿ ಈ ಬಿಳಿ ಭಾಗ ಜಾಸ್ತಿ. ಬಾಗಿಲವಾಡದಲ್ಲಿ ಅದನ್ನು ಗೋಡೆಯ ಕಡೆಗೆ ತಿರುಗಿಸಿ ಮುಚ್ಚಿಬಿಡುವವರಿದ್ದಾರೆ. ಗೆದ್ದಲು ಬರುವುದೂ ಆ ಕಡೆಯಿಂದಲೇ. ಗೋಡೆಗೆ ತಾಗುವ ಮೈಗೆ ಟಾರು ಅಥವಾ ಬಿಟುಮೆನ್ ಬಳಿಸಿ, ಚೌಕಟ್ಟಿನ ಕಾಲು ಮಣ್ಣಿಗೆ ಇಳಿಯದೆ ಕಲ್ಲಿನ ಮೇಲೋ ಗ್ರಾನೈಟ್ ಮೇಲೋ ನಿಲ್ಲಲಿ.

ಮರದಿಂದ ನಯವಾದ ಹಿಟ್ಟು ಉದುರುತ್ತಿದ್ದರೆ ಅದು ಗೆದ್ದಲಲ್ಲ, ಕುಟ್ಟೆ ಹುಳ. ರಬ್ಬರ್ ಮರ, ಸಿಲ್ವರ್ ಓಕ್‌ನಂಥವಕ್ಕೆ ಇದರ ಕಾಟ ಇರುತ್ತದೆ. ಬೋರಾಕ್ಸ್ ಮತ್ತು ಬೋರಿಕ್ ಆಸಿಡ್ ದ್ರಾವಣದಲ್ಲಿ ಸಂಸ್ಕರಿಸಿದ ಮರ ತಗೊಂಡರೆ ಈ ತೊಂದರೆ ಬಹಳ ಮಟ್ಟಿಗೆ ತಪ್ಪುತ್ತದೆ. ಆದರೆ ಆ ಔಷಧಿ ನೀರಿನಲ್ಲಿ ತೊಳೆದು ಹೋಗುತ್ತದೆ, ಮಳೆ ಬೀಳುವ ಜಾಗಕ್ಕೆ ಅದನ್ನು ನಂಬಬೇಡಿ.

ಬೆಂಕಿ ಬಿದ್ದರೆ?

ಮರ ಉರಿಯುತ್ತದೆ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಮೈಸೂರಿನ ಹಳೆಯ ಮರದ ಅರಮನೆ 1897ರಲ್ಲಿ, ರಾಜಕುಮಾರಿಯ ಮದುವೆಯ ಸಮಯದಲ್ಲಿ, ಸುಟ್ಟು ಹೋಯಿತು. 1912ರಲ್ಲಿ ಮುಗಿದ ಈಗಿನ ಅರಮನೆಯನ್ನು ಹೆನ್ರಿ ಇರ್ವಿನ್ ಕಲ್ಲು, ಇಟ್ಟಿಗೆ, ಎರಕದ ಕಬ್ಬಿಣದಲ್ಲಿ ಕಟ್ಟಿಸಿದ್ದಕ್ಕೆ ಇದೂ ಒಂದು ಕಾರಣ.

ಆದರೆ ಯಾವ ಮರ ಅನ್ನುವುದು ಮುಖ್ಯ. ತೆಳ್ಳನೆ ಹಲಗೆ, ಪ್ಲೈವುಡ್ ಫಾಲ್ಸ್ ಸೀಲಿಂಗ್, ಕರ್ಟನ್, ಸೋಫಾದ ಫೋಮ್ ಬೇಗ ಹೊತ್ತಿಕೊಳ್ಳುತ್ತವೆ. ದಪ್ಪನೆ ತೊಲೆಯ ಕತೆ ಬೇರೆ. ಅದರ ಹೊರಮೈ ಸುಟ್ಟು ಇದ್ದಿಲಾಗುತ್ತದೆ, ಆ ಇದ್ದಿಲು ಒಳಗಿನ ಮರಕ್ಕೆ ಶಾಖ ಹೋಗದಂತೆ ತಡೆಯುತ್ತದೆ. ಸುಡುವ ವೇಗ ನಿಮಿಷಕ್ಕೆ ಸುಮಾರು 0.65 ಮಿಲಿಮೀಟರ್ ಎಂದು ವಿನ್ಯಾಸದಲ್ಲಿ ಹಿಡಿಯುತ್ತಾರೆ. ಅರ್ಧ ಗಂಟೆಯಲ್ಲಿ ಒಂದು ಮೈಯಿಂದ 20 ಮಿಲಿಮೀಟರ್. 8 ಇಂಚಿನ ತೊಲೆಯಲ್ಲಿ ಆಗಲೂ ಸಾಕಷ್ಟು ಮರ ಉಳಿದಿರುತ್ತದೆ. ಹೊದಿಕೆ ಇಲ್ಲದ ಸ್ಟೀಲ್ ಸುಮಾರು 600 ಡಿಗ್ರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಬಲ ಕಳೆದುಕೊಂಡು ಬಾಗುತ್ತದೆ.

ಹಳೆ ಮನೆಯಲ್ಲಿ ನಿಜವಾದ ಅಪಾಯ ಇರುವುದು ಜಂತೆಯ ಮೇಲೆ ಮೊಳೆ ಹೊಡೆದು ಎಳೆದ ಹಳೇ ವೈರಿಂಗ್‌ನಲ್ಲಿ. ಮರ ಬದಲಿಸುವ ಮೊದಲು ಅದನ್ನು ಬದಲಿಸಿ.

ಮನೆ ತಂಪಾಗಿರುತ್ತದಾ?

ಮರ ಶಾಖವನ್ನು ಸುಲಭವಾಗಿ ದಾಟಿಸುವುದಿಲ್ಲ. ಕಾಂಕ್ರೀಟ್ ಇದಕ್ಕಿಂತ ಸುಮಾರು ಹತ್ತು ಪಟ್ಟು ಹೆಚ್ಚು ದಾಟಿಸುತ್ತದೆ, ಅಲ್ಯೂಮಿನಿಯಂ ಸಾವಿರ ಪಟ್ಟಿಗೂ ಹೆಚ್ಚು. ಪಶ್ಚಿಮದ ಕಿಟಕಿಗೆ ಅಲ್ಯೂಮಿನಿಯಂ ಫ್ರೇಮ್ ಹಾಕಿಸಿದವರು ಏಪ್ರಿಲ್ ಸಂಜೆ ಅದನ್ನೊಮ್ಮೆ ಮುಟ್ಟಿ ನೋಡಲಿ. ಆದರೆ ತಾರಸಿಯಿಂದ ಇಳಿಯುವ ಬಿಸಿಯನ್ನು ಬಾಗಿಲು, ಕಿಟಕಿಯ ಮರ ತಡೆಯಲಾರದು. ಅದಕ್ಕೆ ತಾರಸಿಗೇ ಏನಾದರೂ ಮಾಡಬೇಕು.

ಮರದ ದೊಡ್ಡ ಉಪಯೋಗ ನೆರಳು ಮಾಡುವುದರಲ್ಲಿದೆ. ದಂಡು ಪ್ರದೇಶದ ಹಳೆ ಬಂಗಲೆಗಳ ಮುಂದೆ, ಕಿಟಕಿಗಳ ಮೇಲೆ ಮೊನಚು ತಲೆಯ ಮರದ ಜಾಲರಿ ಇರುತ್ತದಲ್ಲ, ಮಂಕಿ ಟಾಪ್ ಅನ್ನುತ್ತಾರೆ. ಬಿಸಿಲನ್ನು ಗಾಜಿಗೆ ತಲುಪುವ ಮೊದಲೇ ತಡೆದು, ಗಾಳಿಯನ್ನು ಮಾತ್ರ ಒಳಗೆ ಬಿಡುವ ಉಪಾಯ ಅದು. ಈಗಿನ ಮನೆಗೂ ಕಿಟಕಿಯ ಹೊರಗೆ ಮರದ ಪಟ್ಟಿಗಳ ಜಾಲರಿ ಹಾಕಿಸಿಕೊಳ್ಳಬಹುದು. ಎಸಿಗಿಂತ ಮೊದಲು ಇದನ್ನು ಮಾಡಿ ನೋಡಿ.

ಮರ ಕಡಿಯುವುದು ಪರಿಸರಕ್ಕೆ ಹಾನಿ ಅಲ್ವಾ?

ಕಾಡು ಕಡಿದರೆ ಹಾನಿ. ಬೆಳೆಸಿದ ಮರ ಕಡಿದು, ಅಲ್ಲಿ ಮತ್ತೆ ನೆಟ್ಟರೆ ಲೆಕ್ಕ ಬೇರೆ.

ಒಂದು ಘನ ಅಡಿ ತೇಗ ಹೆಚ್ಚುಕಡಿಮೆ 18 ಕೆ.ಜಿ. ಅದರೊಳಗಿನ ತೇವ ಕಳೆದರೆ ಉಳಿಯುವ ತೂಕದಲ್ಲಿ ಅರ್ಧ ಇಂಗಾಲ. ಅಷ್ಟು ಇಂಗಾಲ ಕೂಡಿಸಲು ಮರ ಗಾಳಿಯಿಂದ ಸುಮಾರು 30 ಕೆ.ಜಿ. ಕಾರ್ಬನ್ ಡೈಆಕ್ಸೈಡ್ ಎಳೆದುಕೊಂಡಿರುತ್ತದೆ. ಅದು ನಿಮ್ಮ ಬಾಗಿಲಾಗಿ ಇರುವಷ್ಟು ಕಾಲ ಅಲ್ಲೇ ಉಳಿಯುತ್ತದೆ. ಒಂದು ಚೀಲ ಸಿಮೆಂಟ್, ಅಂದರೆ 50 ಕೆ.ಜಿ., ತಯಾರಾಗುವಾಗ ಹೆಚ್ಚುಕಡಿಮೆ ಅಷ್ಟೇ ಕಾರ್ಬನ್ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಒಂದು ಕೂಡಿಟ್ಟಿತು, ಇನ್ನೊಂದು ಬಿಟ್ಟಿತು.

ಈ ಲೆಕ್ಕಕ್ಕೆ ಷರತ್ತುಗಳಿವೆ. ಆಫ್ರಿಕಾದಿಂದಲೋ ಮಲೇಷ್ಯಾದಿಂದಲೋ ಹಡಗಿನಲ್ಲಿ ಬಂದ, ಎಲ್ಲಿ ಕಡಿದರೋ ಗೊತ್ತಿಲ್ಲದ ಮರಕ್ಕೆ ಇದು ನಿಲ್ಲುವುದಿಲ್ಲ. ಐದು ವರ್ಷಕ್ಕೆ ಕಿತ್ತು ಒಲೆಗೆ ಹಾಕುವ ಇಂಟೀರಿಯರ್‌ಗೂ ನಿಲ್ಲುವುದಿಲ್ಲ, ಸುಟ್ಟರೆ ಕೂಡಿಟ್ಟದ್ದೆಲ್ಲ ವಾಪಸ್ ಹೋಯಿತು. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳ ನೆರಳಿಗೆ ಬೆಳೆಸಿದ ಸಿಲ್ವರ್ ಓಕ್, ರೈತರ ಹೊಲದ ಹೆಬ್ಬೇವು, ಹಿತ್ತಲಿನ ಹಲಸು, ಬೇವು ಇವು ನಮ್ಮ ಸುತ್ತಲೇ ಸಿಗುತ್ತವೆ. ಆಮದು ಮರ ತಗೊಳ್ಳುವುದೇ ಆದರೆ, ಕಾಡು ಹಾಳುಮಾಡದೆ ಕಡಿದ ಮರ ಎಂದು ಹೇಳುವ ಎಫ್‌ಎಸ್‌ಸಿ ಪ್ರಮಾಣಪತ್ರ ಕೇಳಿ.

ತೇಗವೇ ಆಗಬೇಕಾ?

ಬೇಕಿಲ್ಲ. ಬಿಸಿಲು, ಮಳೆ ನೇರ ಬೀಳುವ ಮುಂಬಾಗಿಲಿಗೆ ತೇಗದಷ್ಟು ನಂಬಿಗಸ್ತ ಮರ ಕಡಿಮೆ, ಅದು ನಿಜ. ಒಳಗಿನ ಬಾಗಿಲವಾಡಗಳಿಗೆ ಹೊನ್ನೆ, ಮತ್ತಿ, ನಂದಿ, ಹಲಸು, ಬೇವು ಎಲ್ಲ ನಡೆಯುತ್ತವೆ. ಮತ್ತಿ ಭಾರ ಹೊರುವುದರಲ್ಲಿ ಗಟ್ಟಿ, ಆದರೆ ಒಣಗುವಾಗ ಸೀಳುತ್ತದೆ, ಆತುರ ಬೇಡ. ಹಲಸಿನ ಹಳದಿ ಬಣ್ಣ ವರ್ಷ ಕಳೆದಂತೆ ಕೆಂಪು ಕಂದಾಗುತ್ತದೆ, ನಮ್ಮ ಕಣ್ಣಿಗೆ ಅದರಷ್ಟು ಚೆಂದದ ಮರ ಇಲ್ಲ. ನೇರಳೆ ನೀರಿಗೆ ಜಗ್ಗುವುದಿಲ್ಲ. ಸಿಲ್ವರ್ ಓಕ್, ರಬ್ಬರ್ ಮರ ಒಳಾಂಗಣಕ್ಕೆ ಮಾತ್ರ. ಬೀಟೆ ಆಸೆ ಬಿಡಿ, ಅದರ ಬೆಲೆಯೂ ಕಾಗದಪತ್ರವೂ ಸಾಮಾನ್ಯರಿಗಲ್ಲ.

ನಗರದಲ್ಲಿ ಹೆಚ್ಚಿನವರು ಮಾಡುವುದು ಹೀಗೆ: ಮುಂಬಾಗಿಲು ಮತ್ತು ದೇವರ ಮನೆಗೆ ತೇಗ, ಉಳಿದ ಚೌಕಟ್ಟುಗಳಿಗೆ ಸಾಲ್ ಅಥವಾ ಹೊನ್ನೆ, ರೂಮುಗಳಿಗೆ ಫ್ಲಶ್ ಡೋರ್. ಬುದ್ಧಿವಂತಿಕೆಯ ಹಂಚಿಕೆಯೇ.

ಅಂಗಡಿಯವರು ಕೊಟ್ಟದ್ದು ಅಸಲಿ ತೇಗ ಅಂತ ಹೇಗೆ ಗೊತ್ತಾಗುತ್ತದೆ?

ಹೊಸದಾಗಿ ಕೊಯ್ದ ತೇಗಕ್ಕೆ ಚರ್ಮದಂಥ ಒಂದು ವಾಸನೆ ಇರುತ್ತದೆ, ಮುಟ್ಟಿದರೆ ಸ್ವಲ್ಪ ಜಿಡ್ಡು. ಅಡ್ಡ ಕೊಯ್ದ ತುದಿಯಲ್ಲಿ ವರ್ಷದ ಬಳೆಗಳು ಸ್ಪಷ್ಟ. ಇಷ್ಟನ್ನೇ ನಂಬಿ ಲಕ್ಷಗಟ್ಟಲೆ ಕೊಡಬೇಡಿ, ಬಣ್ಣ ಮತ್ತು ಎಣ್ಣೆ ಹಚ್ಚಿ ಮಾರುವುದು ಹೊಸದೇನಲ್ಲ.

ಬೆಂಗಳೂರಿನವರಿಗೆ ಇಲ್ಲೊಂದು ಅನುಕೂಲ ಇದೆ. ಮಲ್ಲೇಶ್ವರ 18ನೇ ಕ್ರಾಸ್‌ನಲ್ಲಿ ಕೇಂದ್ರ ಸರ್ಕಾರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ. 1938ರಲ್ಲಿ ಅರಣ್ಯ ಸಂಶೋಧನಾ ಪ್ರಯೋಗಾಲಯವಾಗಿ ಶುರುವಾಗಿ, 1988ರಲ್ಲಿ ಈಗಿನ ರೂಪ ಪಡೆದದ್ದು. ಸಣ್ಣ ತುಂಡು ಕೊಟ್ಟು ಶುಲ್ಕ ಕಟ್ಟಿದರೆ ಯಾವ ಜಾತಿ ಎಂದು ಪರೀಕ್ಷೆ ಮಾಡಿ ತಿಳಿಸುತ್ತಾರೆ. ಬಿಲ್‌ನಲ್ಲಿ ಬರೀ "ಟೀಕ್" ಅಂತ ಬರೆಸಿಕೊಳ್ಳಬೇಡಿ, ಎಲ್ಲಿಯದು ಎಂದೂ ಬರೆಸಿ. ದಾಂಡೇಲಿ, ನಿಲಂಬೂರ್, ಬರ್ಮಾ, ಘಾನಾ ನಾಲ್ಕೂ ತೇಗವೇ, ಬೆಲೆ ಮಾತ್ರ ಬೇರೆ ಬೇರೆ. ಇನ್ನು "ಮಲೇಷಿಯನ್ ಸಾಲ್" ಎಂದು ಮಾರುವುದು ಉತ್ತರ ಭಾರತದ ಸಾಲ್ ಮರ ಅಲ್ಲ. ಗಟ್ಟಿ ಮರವೇ ಇರಬಹುದು, ಆದರೆ ಬೆಲೆ ಮಾತಾಡುವಾಗ ಇದು ಗೊತ್ತಿರಲಿ.

ಸಿಎಫ್‌ಟಿ, ಅಂದರೆ ಘನ ಅಡಿಯ ಲೆಕ್ಕ ಹೇಗೆ?

ಅಗಲ ಇಂಚಿನಲ್ಲಿ, ದಪ್ಪ ಇಂಚಿನಲ್ಲಿ, ಉದ್ದ ಅಡಿಯಲ್ಲಿ. ಮೂರನ್ನೂ ಗುಣಿಸಿ 144ರಿಂದ ಭಾಗಿಸಿ. 7 ಅಡಿ ಎತ್ತರ, ಮೂರೂವರೆ ಅಡಿ ಅಗಲದ ಬಾಗಿಲವಾಡ, 5 ಇಂಚಿಗೆ 3 ಇಂಚಿನ ಮರ, ಹೊಸ್ತಿಲು ಸೇರಿ ಎಂದುಕೊಳ್ಳಿ. ಒಟ್ಟು ಉದ್ದ 21 ಅಡಿ. 21 ಗುಣಿಸು 5 ಗುಣಿಸು 3, ಅಂದರೆ 315. ಅದನ್ನು 144ರಿಂದ ಭಾಗಿಸಿದರೆ ಸುಮಾರು 2.2 ಸಿಎಫ್‌ಟಿ. ಜೋಡಣೆಗೆ, ತೋಪಡ ಹಿಡಿಯುವುದಕ್ಕೆ ಇನ್ನಷ್ಟು ಸೇರಿಸಬೇಕು. ಅಂಗಡಿಯಲ್ಲಿ ಹೇಳುವ 5 ಇಂಚು ಕೊಯ್ಯುವ ಮೊದಲಿನದೋ, ನಯ ಮಾಡಿದ ಮೇಲಿನದೋ ಎಂದು ಮುಂಚೆಯೇ ಕೇಳಿ. ಜಗಳ ಆಗುವುದು ಆ ಕಾಲಿಂಚಿನ ಮೇಲೇ.

ಕೆಡವಿದ ಮನೆಯ ಹಳೆ ಮರ ತಗೋಬಹುದಾ?

ಧಾರಾಳವಾಗಿ. ನೂರು ವರ್ಷದ ಜಂತೆಗೆ ಇನ್ನು ಕುಗ್ಗುವುದು, ತಿರುಚುವುದು ಹೆಚ್ಚೇನೂ ಬಾಕಿ ಇರುವುದಿಲ್ಲ. ಆ ಕಾಲದ ಮರದಲ್ಲಿ ಚೇಗು ಜಾಸ್ತಿ. ತೊಲೆ ಸೀಳಿದರೆ ಕಿಟಕಿ, ಮೆಟ್ಟಿಲ ಹಲಗೆ, ಊಟದ ಮೇಜು ಎಲ್ಲ ಆಗುತ್ತದೆ. ಒಳಗೆ ಮುರಿದ ಮೊಳೆ ಇರುತ್ತವೆ, ಹಾಗಾಗಿ ಸಾಮಿಲ್‌ನವರು ಗರಗಸ ಹಾಳಾಗುತ್ತದೆ ಎಂದು ತಕರಾರು ತೆಗೆಯುತ್ತಾರೆ. ಮೊಳೆ ಕೀಳಿಸುವ ಕೂಲಿಯನ್ನು ಬೆಲೆಗೆ ಸೇರಿಸಿ ನೋಡಿ, ಆಮೇಲೆ ಅಗ್ಗವೋ ಅಲ್ಲವೋ ಹೇಳಿ. ಇತ್ತೀಚೆಗೆ ಕೆತ್ತನೆಯ ಹಳೆ ಕಂಬಗಳಿಗೆ "ಆಂಟಿಕ್" ಎಂಬ ಹೆಸರು ಬಿದ್ದ ಮೇಲೆ ಬೆಲೆ ಆಕಾಶಕ್ಕೆ ಹೋಗಿದೆ. ಕೆತ್ತನೆ ಇಲ್ಲದ ತೊಲೆ ಇನ್ನೂ ಕೈಗೆಟಕುತ್ತದೆ.

ನಮ್ಮ ಸೈಟಿನಲ್ಲೇ ಒಂದು ಮರ ಇದೆ. ಕಡಿದು ಬಳಸಬಹುದಾ?

ಮರ ನಿಮ್ಮ ಜಾಗದಲ್ಲಿದ್ದರೂ ಕಡಿಯಲು ಅನುಮತಿ ಬೇಕು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ವೃಕ್ಷಾಧಿಕಾರಿಗೆ ಅರ್ಜಿ ಕೊಡಬೇಕು. ನಗರದಲ್ಲಿ ಇದು ಪಾಲಿಕೆಯ ಅರಣ್ಯ ವಿಭಾಗದ ಕೆಲಸ. ಕೆಲವು ಜಾತಿಗಳಿಗೆ ವಿನಾಯಿತಿ ಇದೆ, ಆದರೂ ಕೇಳಿಯೇ ಮುಂದುವರಿಯಿರಿ. ಶ್ರೀಗಂಧ ಇದ್ದರಂತೂ ಮುಟ್ಟಬೇಡಿ, ಅರಣ್ಯ ಇಲಾಖೆಗೆ ತಿಳಿಸಿ.

ಕಡಿದದ್ದು ಹಲಸೋ ಬೇವೋ ಆಗಿದ್ದರೆ ಅದೃಷ್ಟ. ಗುಲ್‌ಮೊಹರ್ ಕಟ್ಟಡಕ್ಕೆ ಬರುವುದಿಲ್ಲ. ರೇನ್ ಟ್ರೀಯಲ್ಲಿ ಮೇಜು ಮಾಡಿಸಬಹುದು. ಏನೇ ಆದರೂ ದಿಮ್ಮಿಯನ್ನು ಮೂಲೆಯಲ್ಲಿ ತಿಂಗಳುಗಟ್ಟಲೆ ಬಿಡದೆ ಬೇಗ ಹಲಗೆ ಕೊಯ್ಸಿ ಒಣಗಲು ಇಡಿ. ಇಡೀ ದಿಮ್ಮಿ ಹೊರಗಿನಿಂದ ಒಣಗಿ ಬಿರಿಯುತ್ತದೆ, ಒಳಗೆ ಹಸಿಯೇ ಇರುತ್ತದೆ. ಮನೆ ಕಟ್ಟುವ ಒಂದು ವರ್ಷ ಮೊದಲೇ ಈ ಕೆಲಸ ಮುಗಿದಿರಬೇಕು.

ಅದಕ್ಕಿಂತ ಮೊದಲು ಪ್ಲಾನ್ ಸ್ವಲ್ಪ ಸರಿಸಿ ಮರ ಉಳಿಸಿಕೊಳ್ಳಲು ಆಗುತ್ತದಾ ಅಂತ ನೋಡಿ.

ಪ್ಲೈವುಡ್ ಕೂಡ ಮರ ತಾನೆ?

ಹೌದು. ತೆಳು ಹಾಳೆಗಳನ್ನು ಅಡ್ಡ ಒಂದು, ಉದ್ದ ಒಂದು ಇಟ್ಟು ಅಂಟಿಸಿದ್ದು. ಹಾಗಾಗಿ ಹಿಗ್ಗುವುದು ಕುಗ್ಗುವುದು ಬಹಳ ಕಡಿಮೆ. ಒಣ ಜಾಗಕ್ಕೆ ಐಎಸ್ 303, ಅಡುಗೆಮನೆಯ ಸಿಂಕ್ ಕೆಳಗೆ ಐಎಸ್ 710, ಅಂದರೆ ನೀರು ತಡೆಯುವ ಮರೀನ್ ಪ್ಲೈ. ಹಾಳೆಯ ಮೇಲೆ ಐಎಸ್‌ಐ ಗುರುತು, ಅದರ ಲೈಸೆನ್ಸ್ ಸಂಖ್ಯೆ ಇರಬೇಕು. "ಮರೀನ್" ಎಂದು ಸುಮ್ನೆ ಸೀಲು ಹೊಡೆದರೆ ಅದು 710 ಆಗುವುದಿಲ್ಲ. ಹೊಸ ಪ್ಲೈವುಡ್‌ನಿಂದ ಕಣ್ಣುರಿ ಬರುತ್ತಿದ್ದರೆ ಅದು ಅಂಟಿನಿಂದ ಹೊರಡುವ ಫಾರ್ಮಾಲ್ಡಿಹೈಡ್ ಅನಿಲ. ಮಕ್ಕಳ ರೂಮಿಗೆ ಅದನ್ನು ಕಡಿಮೆ ಬಿಡುವ ಇ0 ಅಥವಾ ಇ1 ದರ್ಜೆ ಕೇಳಿ, ಕಿಟಕಿ ತೆರೆದಿಡಿ.

ಬಿದಿರು?

ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್ ನೋಡಿದ್ದೀರಿ ತಾನೆ? 2022ರ ನವೆಂಬರ್‌ನಲ್ಲಿ ಉದ್ಘಾಟನೆ ಆಯಿತು. ಅದರ ಚಾವಣಿಯ ಒಳಮೈ, ಕಂಬಗಳ ಹೊದಿಕೆ ಸಂಸ್ಕರಿಸಿದ ಬಿದಿರು. ಭಾರ ಹೊರುವುದು ಒಳಗಿನ ಸ್ಟೀಲ್. ಮನೆಗೆ ಜಾಲರಿ, ಫಾಲ್ಸ್ ಸೀಲಿಂಗ್, ಟೆರೇಸ್ ಚಪ್ಪರಕ್ಕೆ ಬಿದಿರು ಒಳ್ಳೆಯದು. ಔಷಧಿ ಕೊಡದ ಬಿದಿರಿಗೆ ಹುಳ ಬೀಳುವುದು ನಿಶ್ಚಿತ, ಬಿಸಿಲು ಮಳೆಗೆ ಬಿಟ್ಟರೆ ಕೆಲವೇ ವರ್ಷ.

ಟೆರೇಸ್ ಮೇಲೆ ಮರದ ರೂಮು ಕಟ್ಟಿಸಬಹುದಾ?

ಹಗುರ, ಬೇಗ ಏಳುತ್ತದೆ, ಕೆಳಗಿನವರಿಗೆ ಗಲಾಟೆ ಕಡಿಮೆ. ಹಳೆಯ ಪಾಯ ಇನ್ನೊಂದು ಇಟ್ಟಿಗೆ ಅಂತಸ್ತನ್ನು ತಡೆಯಲಾರದ ಕಡೆಗಳಲ್ಲಿ ಇದೇ ಒಳ್ಳೆಯ ದಾರಿ. ಆದರೂ ಸ್ಟ್ರಕ್ಚರಲ್ ಇಂಜಿನಿಯರ್ ಒಮ್ಮೆ ನೋಡಬೇಕು. ತೂಕದ ಜೊತೆ ಗಾಳಿಯ ಲೆಕ್ಕವೂ ಇದೆ, ಹಗುರ ಚಾವಣಿಯನ್ನು ಮುಂಗಾರುಪೂರ್ವ ಗಾಳಿ ಎತ್ತಿ ಒಗೆಯಬಲ್ಲದು. ಕಂಬದ ಕಾಲನ್ನು ಸ್ಟೀಲ್ ಶೂ ಹಾಕಿ ತಾರಸಿಯಿಂದ ಎತ್ತರಿಸಿ, ತಾರಸಿಗೆ ಬೋಲ್ಟ್ ಮಾಡಬೇಕು. ಮರದ್ದು ಅಂತ ಪ್ಲಾನ್ ಮಂಜೂರಾತಿಯಿಂದ ವಿನಾಯಿತಿ ಏನೂ ಸಿಗುವುದಿಲ್ಲ.

ದೊಡ್ಡ ಕಟ್ಟಡ ಆಗುತ್ತದಾ?

ಬೇರೆ ದೇಶಗಳಲ್ಲಿ ಆಗಿದೆ. ನಾರ್ವೆಯ ಮ್ಯೋಸ್ಟಾರ್ನೆಟ್ 18 ಅಂತಸ್ತು, 85.4 ಮೀಟರ್, 2019ರದು. ಅಮೆರಿಕದ ಮಿಲ್ವಾಕಿಯ ಅಸೆಂಟ್ 25 ಅಂತಸ್ತು, 2022ರದು, ಅದರಲ್ಲಿ ಕೆಳಗಿನ ಭಾಗ ಮತ್ತು ಲಿಫ್ಟ್ ಗೂಡು ಕಾಂಕ್ರೀಟ್. ಇವಕ್ಕೆ ಬಳಸುವುದು ಹಲಗೆಗಳನ್ನು ಪದರ ಪದರವಾಗಿ ಅಂಟಿಸಿ ಮಾಡಿದ ದೊಡ್ಡ ತೊಲೆ, ದೊಡ್ಡ ಫಲಕ. ಬೆಂಗಳೂರಿನಲ್ಲಿ 30-40 ಸೈಟಿನ ಮನೆಗೆ ಸದ್ಯಕ್ಕೆ ಇದು ದೂರದ ಮಾತು.

ಪಾಲಿಶ್ ಎಷ್ಟು ವರ್ಷಕ್ಕೊಮ್ಮೆ?

ಬಿಸಿಲು ಬೀಳುವ ಮುಂಬಾಗಿಲಿಗೆ ಎರಡು ಮೂರು ವರ್ಷಕ್ಕೊಮ್ಮೆ, ಒಳಗಿನದಕ್ಕೆ ಮಂಕಾದಾಗ. ಹೊರಗೆ ಪಿಯು (ಪಾಲಿಯುರೆಥೇನ್) ಪಾಲಿಶ್ ಅಥವಾ ಎಣ್ಣೆ, ಮೆಲಮೈನ್ ಪಾಲಿಶ್ ಒಳಗಿನ ಕೆಲಸಕ್ಕೆ ಮಾತ್ರ. ಎಣ್ಣೆಯ ಹೊಳಪು ಕಡಿಮೆ, ಆದರೆ ಮತ್ತೆ ಹಚ್ಚುವಾಗ ಹಳೆಯದನ್ನು ಕೆರೆಯಬೇಕಿಲ್ಲ. ಭಾನುವಾರ ನೀವೇ ಬಟ್ಟೆಯಲ್ಲಿ ಒರೆಸಿ ಮುಗಿಸಬಹುದು.

ಬಾತ್‌ರೂಮ್ ಬಾಗಿಲಿಗೆ?

ಬೇಡ. ಚೌಕಟ್ಟು ಗ್ರಾನೈಟ್, ಕದ ಪಿವಿಸಿ ಅಥವಾ ಎಫ್‌ಆರ್‌ಪಿ (ಫೈಬರ್) ಹಾಕಿಸಿ. ಆ ದುಡ್ಡನ್ನು ಉಳಿಸಿ ಮುಂಬಾಗಿಲಿನ ಮೇಲೆ ಒಂದು ಅಗಲವಾದ ಸಜ್ಜಾ ಮಾಡಿಸಿಕೊಳ್ಳಿ.